ಒಂದು ಬೈಕು, ಇಬ್ಬರು ಸವಾರರು: ನಾವು ಮಲೆನಾಡು ಸುತ್ತಿದ ಬಗೆ

ಮಲೆನಾಡಿನ ಘಾಟಿ ಸುತ್ತೋಕೆ ಇಬ್ಬರು ಗೆಳೆಯರಿಗೆ ಎರಡು ಬೈಕ್ ಬೇಡ, ಒಂದೇ ಸಾಕು. ಇದು ನನ್ನ ಗಟ್ಟಿ ಅಭಿಪ್ರಾಯ. ಎರಡು ಬೈಕಿನಲ್ಲಿ ಹೋದರೆ ಇಬ್ಬರೂ ಟಾರು ರಸ್ತೆಯನ್ನೇ ನೋಡುತ್ತಾ ಹೋಗಿ, ಅದನ್ನೇ ನೋಡುತ್ತಾ ವಾಪಸ್ ಬರುತ್ತಾರೆ. ಘಾಟಿಯಲ್ಲಿ ಕಣ್ಣು ಆಚೀಚೆ ತಿರುಗಿಸೋ ಹಾಗಿಲ್ಲವಲ್ಲ. ಒಂದೇ ಬೈಕ್ ಆದರೆ ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಕಾಡು ನೋಡುತ್ತಾನೆ. ಮುಂದಿನ ಊರಿನಲ್ಲಿ ಅದಲು ಬದಲು. ಪೆಟ್ರೋಲ್ ಖರ್ಚೂ ಅರ್ಧ.

ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನನ್ನ ಬಾಲ್ಯದ ಗೆಳೆಯ ಹಾಗೇ ಹೋದೆವು. ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಆಗುಂಬೆ, ಕಾರ್ಕಳ, ಕುದುರೆಮುಖ, ಕಳಸ, ಕೊಪ್ಪ, ಮತ್ತೆ ತೀರ್ಥಹಳ್ಳಿ. ಅಲ್ಲಿಂದ ನಗರ, ಸಿಗಂದೂರು, ಸಾಗರ, ಜೋಗ, ಕೊನೆಗೆ ಶಿವಮೊಗ್ಗ. ನಮ್ಮದು 150 ಸಿಸಿಯ ಮಾಮೂಲಿ ಬೈಕ್, ದಿನಾ ಕೆಲಸಕ್ಕೆ ಹೋಗೋದು. ಈ ರಸ್ತೆಗಳಿಗೆ ಅದು ಧಾರಾಳ ಸಾಕು. ಘಾಟಿಯಲ್ಲಿ ಗಂಟೆಗೆ ಮೂವತ್ತು ನಲವತ್ತಕ್ಕಿಂತ ಜಾಸ್ತಿ ವೇಗ ಯಾರಿಗೂ ಬೇಕಾಗಲ್ಲ. ಭಾರದ ಬೈಕಿಗಿಂತ ಹಗುರ ಬೈಕನ್ನು ಕೆಸರಿನಲ್ಲಿ ತಳ್ಳೋದೂ ಸುಲಭ.

ಇಬ್ಬರು ಕೂರುವ ಬೈಕನ್ನು ಮೊದಲು ಇಬ್ಬರಿಗೆ ತಕ್ಕಂತೆ ಹದ ಮಾಡಬೇಕು. ತುಂಬಾ ಜನ ಇದನ್ನು ಮಾಡಲ್ಲ. ನಾವು ಮೊದಲು ಮಾಡಿದ್ದು ಹಿಂದಿನ ಟೈರಿನ ಗಾಳಿ. ಚೈನ್ ಕವರಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ. ಇಬ್ಬರಾದರೆ ಸಾಮಾನ್ಯವಾಗಿ ಮೂರು ನಾಲ್ಕು ಪಾಯಿಂಟ್ ಜಾಸ್ತಿ. ಮುಂದಿನ ಟೈರ್ ಇದ್ದ ಹಾಗೇ ಇರಲಿ. ಆಮೇಲೆ ಹಿಂದಿನ ಶಾಕ್‌ಅಬ್ಸಾರ್ಬರ್ ಸ್ಪ್ರಿಂಗನ್ನು ಒಂದು ಮೆಟ್ಟಿಲು ಬಿಗಿ ಮಾಡಿಸಿದೆವು. ಇಲ್ಲದಿದ್ದರೆ ಪ್ರತಿ ಗುಂಡಿಗೂ ಹಿಂದೆ ಕೂತವನ ಸೊಂಟ ಹೋಗುತ್ತದೆ.

ಇನ್ನೊಂದು ಹೆಡ್‌ಲೈಟ್. ಹಿಂದೆ ಭಾರ ಬಿದ್ದಾಗ ಬೈಕಿನ ಮೂಗು ಮೇಲೇಳುತ್ತದೆ, ಜೊತೆಗೆ ಬೆಳಕೂ ಮೇಲೇಳುತ್ತದೆ. ಬಯಲುಸೀಮೆಯಲ್ಲಿ ಇದು ಎದುರಿನವರಿಗೆ ತೊಂದರೆ. ಮಲೆನಾಡಿನಲ್ಲಿ ನಮಗೇ ತೊಂದರೆ. ಮಂಜಿನಲ್ಲಿ ಮೇಲೆ ಹೋದ ಬೆಳಕು ಬೆಳ್ಳಗೆ ಗೋಡೆ ಕಟ್ಟಿದಂತೆ ಕಣ್ಣಿಗೇ ವಾಪಸ್ ಹೊಡೆಯುತ್ತದೆ, ರಸ್ತೆ ಮಾತ್ರ ಕಾಣಲ್ಲ. ಗೆಳೆಯನನ್ನು ಹಿಂದೆ ಕೂರಿಸಿಕೊಂಡು, ಮನೆ ಕಾಂಪೌಂಡಿಗೆ ಲೈಟ್ ಬಿಟ್ಟು, ಸ್ಕ್ರೂ ತಿರುಗಿಸಿ ಬೆಳಕನ್ನು ಕೆಳಗಿಳಿಸಿದೆ. ಆಗುಂಬೆಯಲ್ಲಿ ಇದರ ಬೆಲೆ ಗೊತ್ತಾಯಿತು. ಅಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಲೈಟ್ ಹಾಕಬೇಕಾಯಿತು. ಮಂಜಿನಲ್ಲಿ ಯಾವತ್ತೂ ಡಿಮ್ ಲೈಟೇ ಸರಿ.

ಲಗೇಜು ಎರಡೂ ಪಕ್ಕಕ್ಕೆ ಸಮ ತೂಕದಲ್ಲಿ, ಆದಷ್ಟು ಕೆಳಗೆ. ಬೆನ್ನಿಗೆ ಬ್ಯಾಗ್ ಬೇಡವೇ ಬೇಡ. ಸೈಲೆನ್ಸರ್ ಕಡೆಯ ಬ್ಯಾಗಿಗೂ ಪೈಪಿಗೂ ನಾಲ್ಕು ಬೆರಳು ಜಾಗ ಇರಲಿ. ಮಳೆಗೆ ಪ್ಯಾಂಟು ಜಾಕೆಟ್ಟು ಬೇರೆ ಬೇರೆ ಇರುವ ರೈನ್‌ಕೋಟ್ ತಗೊಳ್ಳಿ. ಕಂಬಳಿಯಂತೆ ಹೊದೆಯುವ ಪೊಂಚೊ ಹಾಕಿಕೊಂಡು ಬೈಕ್ ಹತ್ತಬಾರದು, ಗಾಳಿಗೆ ಅದರ ಅಂಚು ಚೈನಿಗೆ ಸಿಕ್ಕಿದರೆ ಮುಗೀತು. ಇಬ್ಬರ ಹತ್ತಿರವೂ ಲೈಸೆನ್ಸ್, ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್. ಇದರಲ್ಲಿ ಚೌಕಾಸಿ ಇಲ್ಲ.

ತೀರ್ಥಹಳ್ಳಿ ರಸ್ತೆ ಶುರುವಿನಿಂದಲೇ ಚೆಂದ. ಗಾಜನೂರು, ಸಕ್ರೆಬೈಲು ದಾಟಿದ ಮೇಲೆ ತುಂಗೆ ಪಕ್ಕದಲ್ಲೇ ಬರುತ್ತಾಳೆ. ಮಂಡಗದ್ದೆಯಲ್ಲಿ ನಿಲ್ಲಿಸಿದೆವು. ಹೊಳೆ ನಡುವಿನ ಗಿಡಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿದ್ದವು. ಮಳೆಗಾಲವೇ ಅವು ಮರಿ ಮಾಡುವ ಕಾಲ. ಬೇಸಿಗೆಯಲ್ಲಿ ಬಂದವರಿಗೆ ಇದು ಸಿಗಲ್ಲ.

ಸವಾರ ಬದಲಾಯಿಸೋಕೆ ನಾವೊಂದು ನಿಯಮ ಮಾಡಿಕೊಂಡಿದ್ದೆವು. ಸುಸ್ತಾದ ಮೇಲೆ ಬದಲಾಯಿಸೋದಲ್ಲ, ಸುಸ್ತಾಗುವ ಮೊದಲೇ. ಹೆಚ್ಚು ಕಮ್ಮಿ ಗಂಟೆಗೊಮ್ಮೆ, ಯಾವುದಾದರೂ ಊರು ಸಿಕ್ಕಾಗ. "ಇನ್ನೂ ಸ್ವಲ್ಪ ಓಡಿಸ್ತೀನಿ" ಅನ್ನೋ ಮಾತಿಗೆ ಅವಕಾಶ ಇಲ್ಲ. ಸುಸ್ತಾದವನಿಗೆ ತಾನು ಸುಸ್ತಾಗಿದ್ದೇನೆ ಅಂತ ಗೊತ್ತಾಗೋದು ತಡವಾಗಿ.

ಆಗುಂಬೆಯಲ್ಲಿ ಉಳಿದುಕೊಂಡು ಬೆಳಿಗ್ಗೆ ಘಾಟಿ ಇಳಿದೆವು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು. ಸೆಪ್ಟೆಂಬರ್ ಆದರೂ ಜಡಿ ಬಿಟ್ಟಿರಲಿಲ್ಲ. ಸೋಮೇಶ್ವರದವರೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ರಸ್ತೆ ಕಿರಿದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಂಚಿನಲ್ಲೆಲ್ಲ ಹಾವಸೆ ಕಟ್ಟಿರುತ್ತದೆ. ಬಸ್ಸಿಗೆ ಜಾಗ ಬಿಡೋಕೆ ಅಂತ ಅದರ ಮೇಲೆ ಚಕ್ರ ಇಟ್ಟರೆ ಜಾರೋದು ಖಂಡಿತ.

ಇಳಿಯುವಾಗ ನನ್ನ ಕೈಯಲ್ಲಿ ಬೈಕಿತ್ತು. ಮೊದಲ ತಿರುವಿಗೆ ಮುಂಚೆಯೇ ಎರಡನೇ ಗೇರಿಗೆ ತಂದು, ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ನಿನ ಹಿಡಿತದಲ್ಲೇ ಇಳಿಸಿದೆ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋದರೆ ಬ್ರೇಕ್ ಕಾಯುತ್ತದೆ. ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯಲ್ಲ. ಇಬ್ಬರ ಭಾರ ಇದ್ದಾಗ ಇದು ಇನ್ನೂ ಬೇಗ ಆಗುತ್ತದೆ. ಬ್ರೇಕ್ ಬೇಕಾಗೋದು ತಿರುವಿಗೆ ಸ್ವಲ್ಪ ಮೊದಲು, ಬೈಕ್ ನೆಟ್ಟಗಿರುವಾಗ. ಬಾಗಿದ ಮೇಲೆ ಮುಟ್ಟಬಾರದು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುತ್ತೇವೆ ಅನ್ನುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಹಿಂದೆ ಕೂತವನ ಜೀವವೂ ನಿಮ್ಮ ಕೈಯಲ್ಲಿರುತ್ತದೆ.

ಹಿಂದೆ ಕೂತವನಿಗೂ ಕೆಲಸ ಇದೆ. ಇಳಿಜಾರಿನಲ್ಲಿ ಅವನ ಭಾರ ಪೂರಾ ಮುಂದಿನವನ ಬೆನ್ನಿನ ಮೇಲೆ ಬೀಳುತ್ತದೆ, ಅಲ್ಲಿಂದ ಮಣಿಕಟ್ಟಿಗೆ. ಅದಕ್ಕೆ ಒಂದು ಕೈ ಹಿಂದಿನ ಹಿಡಿಯ ಮೇಲಿರಬೇಕು, ಮಂಡಿಯನ್ನು ಸೀಟಿಗೆ ಒತ್ತಿ ಹಿಡಿಯಬೇಕು. ತಿರುವಿನಲ್ಲಿ ಮುಂದಿನವನು ಯಾವ ಕಡೆ ಬಾಗುತ್ತಾನೋ ಆ ಕಡೆಯ ಭುಜದ ಮೇಲಿಂದ ನೋಡಿದರೆ ಸಾಕು, ಮೈ ತಾನಾಗಿ ಬಾಗುತ್ತದೆ. ಹೆದರಿ ಉಲ್ಟಾ ವಾಲಿದರೆ ಬೈಕ್ ತಿರುಗಲ್ಲ.

ಇನ್ನೂ ಮುಖ್ಯವಾದದ್ದು ಅವನ ಕಣ್ಣು. ಹೇರ್‌ಪಿನ್‌ನಲ್ಲಿ ಕೆಳಗಿನ ರಸ್ತೆ ನಿಮ್ಮ ಕಾಲ ಕೆಳಗೇ ಇರುತ್ತದೆ. ಓಡಿಸುವವನಿಗೆ ಅದು ಕಾಣಲ್ಲ, ಹಿಂದೆ ಕೂತವನಿಗೆ ಮರಗಳ ಸಂದಿಯಲ್ಲಿ ಕಾಣುತ್ತದೆ. ಮಳೆ ಮತ್ತು ಹೆಲ್ಮೆಟ್ ನಡುವೆ ಮಾತು ಕೇಳಿಸಲ್ಲ. ಅದಕ್ಕೆ ನಾವು ಭುಜ ತಟ್ಟುವ ಲೆಕ್ಕ ಇಟ್ಟುಕೊಂಡಿದ್ದೆವು. ಒಂದು ಸಲ ತಟ್ಟಿದರೆ ಕೆಳಗಿನಿಂದ ಗಾಡಿ ಬರ್ತಿದೆ. ಎರಡು ಸಲ ತಟ್ಟಿದರೆ ದೊಡ್ಡ ಗಾಡಿ, ತಿರುವಿಗೆ ಮೊದಲೇ ನಿಲ್ಲಿಸು. ಅಂಗೈ ಒತ್ತಿ ಹಿಡಿದರೆ ನನಗೆ ಸ್ವಲ್ಪ ವಿರಾಮ ಬೇಕು, ಮುಂದೆ ಜಾಗ ಸಿಕ್ಕಾಗ ನಿಲ್ಲಿಸು.

ಐದಾರು ತಿರುವು ದಾಟಿರಬೇಕು, ಭುಜಕ್ಕೆ ಎರಡು ಏಟು ಬಿತ್ತು. ಹಾರ್ನ್ ಕೂಡ ಕೇಳಿಸಿರಲಿಲ್ಲ. ತಿರುವಿಗೆ ಹತ್ತು ಮಾರು ಮೊದಲೇ ಎಡಕ್ಕೆ, ಹಾವಸೆ ಇಲ್ಲದ ಕಡೆ ನಿಲ್ಲಿಸಿದೆ. ಕೆಳಗಿನಿಂದ ಮಿನಿ ಬಸ್ಸೊಂದು ಬಂತು. ತಿರುವಿನ ಪೂರ್ತಿ ಅಗಲ ತೆಗೆದುಕೊಂಡು, ಅದರ ಮೂಗು ನಮ್ಮ ಕಡೆಯ ತಡೆಗೋಡೆಯವರೆಗೂ ಬಂದು, ಆಮೇಲೆ ತಿರುಗಿತು. ನಾವು ತಿರುವಿನ ಒಳಗಿದ್ದಿದ್ದರೆ ನಿಲ್ಲೋಕೆ ಜಾಗವೇ ಇರುತ್ತಿರಲಿಲ್ಲ. ಡ್ರೈವರ್ ಕೈ ಎತ್ತಿ ಹೋದರು. ಏರುವ ಗಾಡಿಗೆ ಮೊದಲು ದಾರಿ ಬಿಡೋದು ಕಾನೂನೂ ಹೌದು, ಘಾಟಿಯ ರೂಢಿಯೂ ಹೌದು. "ನೋಡಿದ್ಯಾ ಮಾರಾಯ, ಹಿಂದೆ ಕೂತ್ರೂ ಓಡಿಸೋದು ನಾನೇ" ಅಂದ ಗೆಳೆಯ. ಮಾತು ನಿಜ.

ಹೆಬ್ರಿ, ಕಾರ್ಕಳದ ದಾರಿ ಸಲೀಸು. ಸೆಕೆ ಜಾಸ್ತಿ, ಅಷ್ಟೇ. ಕಾರ್ಕಳದಲ್ಲಿ ಟ್ಯಾಂಕ್ ತುಂಬಿಸಿದೆವು. ಮಲೆನಾಡಿನಲ್ಲಿ ಟ್ಯಾಂಕ್ ಅರ್ಧಕ್ಕೆ ಬಂದಾಗ ಬಂಕ್ ಸಿಕ್ಕಿದರೆ ತುಂಬಿಸಿಬಿಡಬೇಕು, ಮುಂದೆ ಸಿಗುತ್ತದೆ ಅಂತ ಹೋಗಬಾರದು. ಮಾಳ ಅನ್ನೋ ಊರು ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟ್‌ನಲ್ಲಿ ಬೈಕ್ ನಂಬರ್ ಬರೆಸಿ, ಸಮಯ ಹಾಕಿದ ಚೀಟಿ ತಗೊಂಡೆವು. ಕಾಡಿನ ನಡುವೆ ನಿಲ್ಲೋ ಹಾಗಿಲ್ಲ, ರಾತ್ರಿ ಬಿಡಲ್ಲ. ಹಾಗಾಗಿ ಈ ದಾರಿಗೆ ಮಧ್ಯಾಹ್ನದೊಳಗೆ ಬಂದು ಸೇರಬೇಕು.

ಓಡಿಸುವ ಸರದಿ ಗೆಳೆಯನದು, ನೋಡುವ ಸರದಿ ನನ್ನದು. ಇಲ್ಲಿ ಹಿಂದೆ ಕೂತಿದ್ದಕ್ಕೆ ನನಗೆ ಇವತ್ತಿಗೂ ಖುಷಿ ಇದೆ. ಮೊದಲು ದಟ್ಟ ಕಾಡು, ಆಮೇಲೆ ಒಮ್ಮೆಲೇ ತೆರೆದ ಹುಲ್ಲುಗುಡ್ಡ. ಗುಡ್ಡದ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು, ಕಡು ಹಸಿರು. ಹುಲ್ಲು ಮಳೆ ನೀರನ್ನು ಹೀರಿ ನಿಧಾನಕ್ಕೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಈ ಸೀಮೆಯ ಗಂಗಾಮೂಲದಲ್ಲಿ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಗಣಿಗಾಗಿ ಕಟ್ಟಿದ ಊರು ಇನ್ನೂ ಇದೆ. ಶಿವಮೊಗ್ಗದಲ್ಲಿ ನಾವು ಕುಡಿಯುವ ನೀರು ಈ ಗುಡ್ಡಗಳಿಂದಲೇ ಇಳಿದು ಬರೋದು ಅನ್ನೋದನ್ನು ಶಾಲೆಯಲ್ಲಿ ಓದಿದ್ದೆ. ಬೈಕಿನ ಹಿಂದಿನ ಸೀಟಿನಲ್ಲಿ ಕೂತು, ಪ್ರತಿ ಮಡಿಲಿನಿಂದಲೂ ಬಿಳಿ ಝರಿ ಇಳಿಯೋದನ್ನು ನೋಡಿದಾಗ ಮನಸ್ಸಿಗೆ ತಾಗಿತು.

ಕಳಸದಲ್ಲಿ ರಾತ್ರಿ. ಹೊರನಾಡಿನ ಊಟ ಮುಗಿಸಿ, ಬಾಳೆಹೊನ್ನೂರು, ಕೊಪ್ಪದ ಮೇಲೆ ಕುಪ್ಪಳಿಗೆ ಬಂದೆವು. ಕವಿಶೈಲದ ಬಂಡೆ ಮಳೆಯಲ್ಲಿ ಜಾರುತ್ತದೆ, ಬೂಟಿನಲ್ಲಿ ಹುಷಾರು. ಕಾಡಿನ ಬದಿ ಇಳಿದಲ್ಲೆಲ್ಲ ಇಂಬಳ, ಅಂದರೆ ಜಿಗಣೆ, ಹತ್ತುತ್ತದೆ. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡಿದ್ದೆವು, ಅದನ್ನು ಒದ್ದೆ ಮಾಡಿ ಮುಟ್ಟಿಸಿದರೆ ಬಿಟ್ಟುಬಿಡುತ್ತದೆ. ಕಿತ್ತು ಎಳೆಯಬಾರದು.

ಮರುದಿನ ತೀರ್ಥಹಳ್ಳಿಯಿಂದ ನಗರ. ಕೆಳದಿ ಅರಸರ ಬಿದನೂರು ಇದೇ. 1763ರಲ್ಲಿ ಹೈದರ್ ಅಲಿ ಗೆದ್ದ ಮೇಲೆ ಹೈದರ್‌ನಗರ ಆಗಿ, ಈಗ ಬರೀ ನಗರ. ಕೋಟೆ ರಸ್ತೆ ಪಕ್ಕದಲ್ಲೇ ಇದೆ, ನೋಡದೆ ಹೋಗಬೇಡಿ. ಅಲ್ಲಿಂದ ನಿಟ್ಟೂರಿನ ಕಡೆ ಹೋಗುವಾಗ ಹಿಂದಿನ ಚಕ್ರ ತೊನೆಯೋಕೆ ಶುರುವಾಯಿತು. ಹಿಂದೆ ಕೂತ ನನಗೇ ಮೊದಲು ಗೊತ್ತಾಯಿತು. ಇಳಿದು ನೋಡಿದರೆ ಟೈರಿನಲ್ಲಿ ಮೊಳೆ. ಹನಿ ಶುರುವಾಗಿತ್ತು. ಪಕ್ಕದ ಅಡಿಕೆ ತೋಟದಿಂದ ಹಿರಿಯರೊಬ್ಬರು ಬಂದರು.

"ಎಂತ ಆಯ್ತು ತಮ್ಮ? ಮಳೆ ಬತ್ತದೆ, ನಮ್ಮನೆ ಅಂಗಳಕ್ಕೆ ತಳ್ಳಿಕೊಂಡು ಬನ್ನಿ."

ಮಾಡಿನ ಕೆಳಗೆ ನಿಲ್ಲಿಸಿಕೊಂಡು ಕೆಲಸ ಶುರು ಮಾಡಿದೆವು. ಟ್ಯೂಬ್‌ಲೆಸ್ ಟೈರ್ ಆದರೆ ಚಕ್ರ ಬಿಚ್ಚೋದು ಬೇಡ. ಆದರೆ ಸಾಮಾನು ಎಲ್ಲ ಕೈಗೆ ಸಿಗುವಂತೆ ಇಟ್ಟುಕೊಳ್ಳುವವರೆಗೂ ಮೊಳೆ ಕೀಳಬಾರದು. ಮೊದಲು ಅಂಟು ಪಟ್ಟಿಯನ್ನು ಸೂಜಿಯ ಕಣ್ಣಿಗೆ ಅರ್ಧಕ್ಕೆ ಪೋಣಿಸಿಟ್ಟೆ. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡು, ಇಕ್ಕಳದಲ್ಲಿ ಕಿತ್ತು, ಅದೇ ಓರೆಯಲ್ಲಿ ಅರದ ಕಡ್ಡಿ ತೂರಿಸಿ ನಾಲ್ಕು ಸಲ ಆಡಿಸಿದೆ. ಆಮೇಲೆ ಪಟ್ಟಿ ಇರುವ ಸೂಜಿಯನ್ನು ಮೈಭಾರ ಹಾಕಿ ಒತ್ತಿದೆ. ಪಟ್ಟಿಯ ತುದಿ ಅರ್ಧ ಬೆರಳಿನಷ್ಟು ಹೊರಗೆ ಉಳಿಯಬೇಕು. ಸೂಜಿಯನ್ನು ತಿರುಚದೆ ಒಂದೇ ಸಲ ಜಗ್ಗಿದರೆ ಪಟ್ಟಿ ಒಳಗೇ ಕೂರುತ್ತದೆ. ಗೆಳೆಯ ಕಾಲು ಪಂಪಿನಲ್ಲಿ ಗಾಳಿ ತುಂಬಿದ. ಮೇಲೆ ಉಗುಳು ಹಚ್ಚಿ ನೋಡಿದೆವು, ಗುಳ್ಳೆ ಬರಲಿಲ್ಲ. ಹೊರಗುಳಿದ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿದ್ದಾಯಿತು.

"ಆಸ್ರಿಗೆ ಎಂತ ಮಾಡ್ಲಿ?" ಅಂತ ಒಳಗಿನಿಂದ ಅಮ್ಮ ಕೇಳಿದರು. ಬಿಸಿ ಕಷಾಯ ಬಂತು, ಜೊತೆಗೆ ಹಲಸಿನ ಹಪ್ಪಳ. ದುಡ್ಡಿನ ಮಾತು ಎತ್ತೋಕೂ ಬಿಡಲಿಲ್ಲ. ಆ ಮನೆಯವರಿಗೆ ಈ ಬರಹದ ಮೂಲಕವೂ ನಮ್ಮ ನಮಸ್ಕಾರ.

ತುಮರಿಯ ಕಡೆಯಿಂದ ಸಿಗಂದೂರಿಗೆ ಬಂದು ಹೊಸ ಸೇತುವೆ ಹತ್ತಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನ ಆಚೆ ಉಳಿದವರಿಗೆ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಬೈಕನ್ನು ಲಾಂಚಿಗೆ ಹತ್ತಿಸಿ ದಾಟಿದ್ದು ನನಗೂ ನೆನಪಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದ ತುಮರಿ ಸೀಮೆಯ ಜನಕ್ಕೆ ಇದು ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಅಂದಾಜಾಗೋದು ಕಷ್ಟ. ಬೈಕಿನವರಿಗೆ ಒಂದು ಮಾತು: ಬಯಲು ನೀರಿನ ಮೇಲೆ ಅಡ್ಡಗಾಳಿ ಜೋರಾಗಿರುತ್ತದೆ. ವೇಗ ಇಳಿಸಿ, ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ. ಹಿಂದೆ ಕೂತವನು ಫೋಟೋ ತೆಗೆಯೋಕೆ ಮೈ ತಿರುಗಿಸಬಾರದು.

ಜೋಗದಲ್ಲಿ 253 ಮೀಟರ್ ಮೇಲಿಂದ ಬೀಳುವ ನಾಲ್ಕೂ ಕವಲು ಕಂಡವು, ಮಂಜು ಸರಿದಾಗ ಮಾತ್ರ. ಅರ್ಧ ಗಂಟೆ ಕಾದರೆ ಸಾಕು, ಕಾಣದೆ ವಾಪಸ್ ಹೋಗಬೇಡಿ. ಸಾಗರದಿಂದ ಆನಂದಪುರ, ಆಯನೂರಿನ ಹೆದ್ದಾರಿಯಲ್ಲಿ ಲಾರಿ ಜಾಸ್ತಿ. ಕತ್ತಲಾಗುವ ಮೊದಲೇ ಶಿವಮೊಗ್ಗ ಸೇರುವ ಲೆಕ್ಕದಲ್ಲಿ ಜೋಗದಿಂದ ಬೇಗ ಹೊರಟೆವು.

ಬಂದ ಮರುದಿನ ಇಬ್ಬರೂ ಸೇರಿ ಬೈಕ್ ತೊಳೆದೆವು. ಚೈನಿಗೆ ಕೆಂಪು ಮಣ್ಣು ಮೆತ್ತಿರುತ್ತದೆ, ಅದನ್ನು ಸೀಮೆಎಣ್ಣೆ ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ, ಆಮೇಲೆ ಎಣ್ಣೆ ಬಿಡಬೇಕು. ಮಣ್ಣಿನ ಮೇಲೇ ಎಣ್ಣೆ ಬಿಟ್ಟರೆ ಸ್ಪ್ರಾಕೆಟ್ ಸವೆಯುತ್ತದೆ. ಹಿಂದಿನ ಡ್ರಮ್ ಬಿಚ್ಚಿಸಿ ಧೂಳು ತೆಗೆಸಿ, ಮುಂದಿನ ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ. ಟೈರಿಗೆ ಹಾಕಿದ ಪಟ್ಟಿ ತಾತ್ಕಾಲಿಕ. ಒಳಗಿನಿಂದ ಪ್ಯಾಚ್ ಹಾಕಿಸೋದು ಮರೀಬೇಡಿ. ಹಿಂದಿನ ಟೈರಿನ ಗಾಳಿ ಮತ್ತು ಹೆಡ್‌ಲೈಟ್ ಎರಡನ್ನೂ ಒಬ್ಬರ ಲೆಕ್ಕಕ್ಕೆ ವಾಪಸ್ ತರಬೇಕು.