ಉಪ್ಪುನೀರಿನ ಹೊಸ ಟ್ಯಾಂಕಿನಲ್ಲಿ ಪಾಚಿ ಹೋಗಿದ್ದು ಹೀಗೆ

ಮೀನಿನ ಟ್ಯಾಂಕ್ ಶುರು ಮಾಡಿದ ಮೂರನೇ ವಾರಕ್ಕೆ ಮರಳೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಅದು ಡಯಾಟಮ್, ಸಿಲಿಕೇಟ್ ಬಳಸಿ ಬೆಳೆಯುವ ಸೂಕ್ಷ್ಮ ಪಾಚಿ. ನೀರಿನ ಸಿಲಿಕೇಟ್ ಮುಗಿದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ, ಹೋಯಿತು ಕೂಡ. ನಿಜವಾಗಿ ಕಾಡಿದ್ದು ಆಮೇಲೆ ಕಲ್ಲಿನ ಮೇಲೆ ಬೆಳೆದ ಹಸಿರು ಕೂದಲಿನಂಥ ಪಾಚಿ.

ಕಿತ್ತಷ್ಟೂ ಬರುತ್ತಿತ್ತು. ಟೆಸ್ಟ್ ಮಾಡಿದರೆ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ! ಹಾಗಾಗಿ ನೀರು ಚೆನ್ನಾಗಿದೆ ಅಂದುಕೊಂಡೆ. ತಪ್ಪು. ನೀರಿಗೆ ಸೇರಿದ್ದನ್ನೆಲ್ಲ ಪಾಚಿಯೇ ಹೀರಿಕೊಳ್ಳುತ್ತಿತ್ತು, ಅಲ್ವಾ, ಟೆಸ್ಟ್‌ಗೆ ಸಿಗುವುದಾದರೂ ಏನು? ಕೊನೆಗೆ ದಿನಾ ತುಂಬಿಸುತ್ತಿದ್ದ ಆರ್‌ಓ ನೀರಿನ ಟಿಡಿಎಸ್ (ಕರಗಿರುವ ಲವಣ-ಖನಿಜಗಳ ಒಟ್ಟು ಪ್ರಮಾಣ) ಅಳೆದೆ: 38. ಫಿಲ್ಟರಿನ ಕೊನೆಯಲ್ಲಿ ಉಳಿದ ಲವಣಗಳನ್ನು ಹಿಡಿಯುವ ಡಿಐ ರೆಸಿನ್ ಮುಗಿದುಹೋಗಿತ್ತು, ಪಾಚಿಗೆ ಗೊಬ್ಬರ ಆ ನೀರಿನಿಂದಲೂ ಸಿಗುತ್ತಿತ್ತು. ಬದಲಿಸಿದ ಮೇಲೆ 0 ಬಂತು.

ಲೈಟ್ ಉರಿಯುವ ಅವಧಿಯನ್ನು ದಿನಕ್ಕೆ 11 ಗಂಟೆಯಿಂದ 7 ಗಂಟೆಗೆ ಇಳಿಸಿದೆ. ಮೀನಿಗೆ ಊಟ ಕಡಿಮೆ ಮಾಡಿದೆ. ವಾರಕ್ಕೊಮ್ಮೆ ಕಲ್ಲನ್ನು ಹೊರತೆಗೆದು, ಟ್ಯಾಂಕಿನಿಂದ ತೆಗೆದ ಉಪ್ಪುನೀರಿನಲ್ಲೇ ಬ್ರಷ್‌ನಿಂದ ಉಜ್ಜಿದೆ. ಟ್ಯಾಂಕಿನೊಳಗೇ ಉಜ್ಜಬೇಡಿ, ಚೂರುಗಳು ಹರಡಿ ಇನ್ನೂ ಜಾಸ್ತಿ ಆಗುತ್ತದೆ. ಪಾಚಿ ಗಿಡ್ಡವಾದ ಮೇಲೆ ಟರ್ಬೊ ಬಸವನಹುಳುಗಳನ್ನು ಬಿಟ್ಟೆ. ಉದ್ದ ಬೆಳೆದ ಪಾಚಿಯನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ.

ಆರು ವಾರ ಹಿಡಿಯಿತು. ಈಗ ಕಲ್ಲಿನ ಮೇಲೆ ನೇರಳೆ ಬಣ್ಣದ ಕೋರಲೈನ್ (ಕಲ್ಲಿಗೆ ಅಂಟಿ ಬೆಳೆಯುವ, ಬೇಕಾದ ಜಾತಿಯ ಗಟ್ಟಿ ಪಾಚಿ) ಚುಕ್ಕೆಗಳು ಕಾಣುತ್ತಿವೆ. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ.