ಟ್ರಂಕಿನೊಳಗೆ ತಿಕೋಟಾದ ಗದ್ದಲ

ತಿಕೋಟಾ ಕಡೆ ದ್ರಾಕ್ಷಿ ತೋಟಗಳಿಗೆ ಮಣ್ಣಿನ ತೇವ ಅಳೆಯೋ ಸೆನ್ಸರ್ ಹಾಕುವವರಿಗೆಲ್ಲ ಈ ರೋಗ ಗೊತ್ತಿರಬೇಕು. ಬೆಳಗ್ಗೆ ಎಲ್ಲ ನೋಡ್‌ಗಳೂ (ಸೆನ್ಸರ್, ರೇಡಿಯೋ ಎರಡೂ ಇರೋ ಡಬ್ಬಿಗಳು) ಸರಿಯಾಗಿ ಡೇಟಾ ಕಳಿಸುತ್ತವೆ, ಸಂಜೆ ಏಳು ದಾಟಿತೆಂದರೆ ಅರ್ಧಕ್ಕರ್ಧ ಬಾಯಿ ಮುಚ್ಚುತ್ತವೆ. ಎಲ್ಲರೂ ಬೈದದ್ದು ಬೋರಿನ ಸ್ಟಾರ್ಟರನ್ನು. ಅರ್ಥಿಂಗ್ ಹೊಸದಾಗಿ ಹಾಕಿಸಿ ಐದಾರು ಸಾವಿರ ಕಳೆದುಕೊಂಡವರಿದ್ದಾರೆ. ಕಳ್ಳ ಇದ್ದದ್ದು ತೋಟದ ಮನೆಯ ಮಾಳಿಗೆ ಮೇಲೆ: ಇಂಟರ್‌ನೆಟ್ ತರೋ 2.4 ಗಿಗಾಹರ್ಟ್ಸ್ ಡಿಶ್, ಅದರ ಜೊತೆ ಮಣೂಕ (ಒಣದ್ರಾಕ್ಷಿ) ಶೆಡ್ಡಿನ ವೈಫೈ ಕ್ಯಾಮೆರಾಗಳು.

ನಮ್ಮ ನೋಡ್‌ಗಳು ಮಾತಾಡೋ ಜಿಗ್‌ಬಿ ರೇಡಿಯೋ ಕೂಡ ವೈಫೈನಂತೆ ಇದೇ 2.4ರಲ್ಲೇ. ಅದರಲ್ಲಿ 15, 20, 26ನೇ ಚಾನೆಲ್ ಹಿಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ವೈಫೈನವರು 1, 6, 11ರಲ್ಲೇ ಕೂತರೆ ಆ ಮಾತು ಖರೆ. ಇಲ್ಲಿ ಡಿಶ್ ಹಾಕೋ ಹುಡುಗರು 3 ಇಡುತ್ತಾರೆ, 9 ಇಡುತ್ತಾರೆ; ನಮ್ಮ 15, 20 ಎರಡೂ ಅದರಡಿ ಮುಚ್ಚಿಹೋಗುತ್ತವೆ. 26ಕ್ಕೆ ಹೋದರೆ ನನ್ನ ರೇಡಿಯೋ ಮಾಡ್ಯೂಲ್ ತಾನೇ ಪವರ್ ಇಳಿಸುತ್ತದೆ, ತೋಟದ ಕಬ್ಬಿಣದ ಆ್ಯಂಗಲ್, ತಂತಿಗಳ ನಡುವೆ ಅದು ದೂರ ಹೋಗುವುದಿಲ್ಲ.

ಪ್ರತಿ ಸಲ ತೋಟಕ್ಕೆ ಹೋಗಿ ನೋಡಿನೊಳಗಿನ ಪ್ರೋಗ್ರಾಂ (ಫರ್ಮ್‌ವೇರ್) ಬದಲಿಸಿದರೆ ಪೆಟ್ರೋಲಿಗೇ ದುಡ್ಡು ಸಾಲುವುದಿಲ್ಲ. ಅದಕ್ಕೇ ತೋಟದ ರೇಡಿಯೋ ಗದ್ದಲವನ್ನೇ ವಿಜಯಪುರದ ನನ್ನ ಮನೆಗೆ ತರಬೇಕು ಅಂದೆ. ಜೊತೆಗಾರರು ನಕ್ಕರು. ತೋಟದ ಮಾಲೀಕರಾದ ಗೌಡ್ರಂತೂ, "ಅಲ್ರೀ ಸರ, ಮನ್ಯಾಗ ಇಟ್ಟು ನೋಡಿದ್ರ ಹೊಲದಾಗ ನಡೀತೈತೇನ್ರೀ?" ಅಂದರು.

ಮೊದಲು ಮಾಳಿಗೆ ಮೇಲೆ ರೂಟರ್ ಇಟ್ಟು, ದೊಡ್ಡ ಫೈಲ್ ಡೌನ್‌ಲೋಡಿಗೆ ಹಾಕಿ ನೋಡಿದೆ. ಇವತ್ತು ನೂರಕ್ಕೆ 60 ಪ್ಯಾಕೆಟ್ (ಒಂದು ಸಲಕ್ಕೆ ಕಳಿಸೋ ಡೇಟಾ ತುಂಡು) ಬಂದರೆ ನಾಳೆ 90. ಓಣಿಯವರ ವೈಫೈ ನಮ್ಮ ಮಾತು ಕೇಳುತ್ತದೆಯೇ? ಹೊರಗಿನ ತರಂಗ ಒಳಗೆ ಬಿಡದ ಶೀಲ್ಡ್ ಪೆಟ್ಟಿಗೆಯ ಕೊಟೇಶನ್ ಎರಡು ಲಕ್ಷದ ಮೇಲಿತ್ತು. ನಾನು ತಂದದ್ದು ಹಳೇ ಕಬ್ಬಿಣದ ಟ್ರಂಕು, ಸುಮಾರು ಒಂಬೈನೂರು ರೂಪಾಯಿ. ಮುಚ್ಚಳ ಹಾಕಿದ ಮೇಲೂ ಒಳಗಿನ ಮೊಬೈಲಿಗೆ ಕರೆ ಬಂತು! ನಮ್ಮ 2.4 ಗಿಗಾಹರ್ಟ್ಸ್ ತರಂಗದ ಅರ್ಧ ಉದ್ದ ಆರು ಸೆಂಟಿಮೀಟರ್, ಮುಚ್ಚಳದ ಅಷ್ಟುದ್ದ ಸಂದಿಯೇ ಆಂಟೆನಾ ಆಗುತ್ತದೆ. ಸಂದಿಗೆಲ್ಲ ತಾಮ್ರದ ಟೇಪ್ ಹಚ್ಚಿದೆ. ಟೇಪಿನ ಖರ್ಚು ಟ್ರಂಕಿನ ಬೆಲೆ ಮೀರಿತು.

ಆಮೇಲೆ ಆಂಟೆನಾ ತೆಗೆದು ಕೇಬಲ್ ಮೇಲೆ ಬಂದೆ: ಕಳಿಸುವ ನೋಡ್, ಅಟೆನ್ಯುಯೇಟರ್ (ಸಿಗ್ನಲ್ ಇಳಿಸೋದು), ಕಂಬೈನರ್ (ಎರಡು ಸಿಗ್ನಲ್ ಕೂಡಿಸೋದು), ಸ್ವೀಕರಿಸುವ ನೋಡ್, ಕಂಬೈನರಿನ ಇನ್ನೊಂದು ಕಾಲಿಗೆ ಗದ್ದಲ ಮಾಡೋ ನೋಡ್. ಬಯಲಲ್ಲಿ ಜ್ಯಾಮರ್ (ಸಿಗ್ನಲ್ ಕೆಡಿಸೋ ಯಂತ್ರ) ಹಚ್ಚುವುದು ಕಾನೂನಿಗೆ ವಿರುದ್ಧ, ಆ ಉಸಾಬರಿಗೆ ಯಾರೂ ಹೋಗಬೇಡಿ. ಇಲ್ಲಿ ನನ್ನ ತಲೆ ತಿಂದದ್ದು ಬೇರೆಯೇ. ಅಟೆನ್ಯುಯೇಷನ್ ಅರವತ್ತರಿಂದ ತೊಂಬತ್ತು ಡೆಸಿಬೆಲ್‌ಗೆ ಏರಿಸಿದರೂ ಪ್ಯಾಕೆಟ್ ಬರುತ್ತಲೇ ಇತ್ತು. ಅಗ್ಗದ ಮಾಡ್ಯೂಲಿನ ಬೋರ್ಡೇ ಸೋರುತ್ತಿತ್ತು, ಸಿಗ್ನಲ್ ಕೇಬಲ್ ಬಿಟ್ಟು ಗಾಳಿಯಲ್ಲೇ ದಾಟುತ್ತಿತ್ತು. ಒಂದೊಂದು ನೋಡಿಗೂ ಬೇರೆ ಅಲ್ಯೂಮಿನಿಯಂ ಡಬ್ಬಿ ಮಾಡಿಸಿದ ಮೇಲೇ ಅಂಕಿ ನಿಂತಲ್ಲಿ ನಿಂತಿತು.

ಇನ್ನು ಗದ್ದಲ. ಬಹಳ ಜನ 'ಚಾನೆಲ್ ಶೇಕಡಾ 40 ಬ್ಯುಸಿ' ಅಂತ ಒಂದೇ ಅಂಕಿ ಹಿಡಿದು ಟೆಸ್ಟ್ ಮಾಡುತ್ತಾರೆ. 127 ಬೈಟಿನ ಪೂರ್ತಿ ಪ್ಯಾಕೆಟ್ ಗಾಳಿಯಲ್ಲಿ ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಇರುತ್ತದೆ. ಎರಡು ಮಿಲಿಸೆಕೆಂಡ್ ಗದ್ದಲ, ಮೂರು ಮಿಲಿಸೆಕೆಂಡ್ ಬಿಡುವು ಇದ್ದರೆ ಅದು ಪೂರ್ತಿ ದಾಟುವ ಮಾತೇ ಇಲ್ಲ. ಇಪ್ಪತ್ತು ಗದ್ದಲ, ಮೂವತ್ತು ಬಿಡುವು ಇದ್ದರೆ ಬಿಡುವು ಸಿಕ್ಕಾಗ ದಾಟಿಬಿಡುತ್ತದೆ. ಎರಡೂ ಶೇಕಡಾ 40ರ ಲೆಕ್ಕವೇ. ಅದಕ್ಕೆ ಬಿಡುವಿನ ಉದ್ದ ಬೇಕು. ತೋಟದಲ್ಲಿ ಒಂದು ನೋಡನ್ನು ಬರೀ ಕೇಳಲು ಬಿಟ್ಟು, ಸಂಜೆಯ ಸಿಗ್ನಲ್ ಮಟ್ಟವನ್ನು ಎಸ್‌ಡಿ ಕಾರ್ಡಿಗೆ ಬರೆಸಿದೆ. ಅದನ್ನೇ ಟ್ರಂಕಿನಲ್ಲಿ ಗದ್ದಲದ ನೋಡಿಗೆ ಉಣಿಸಿದೆ; ಅದೇ ಹೊತ್ತಿಗೆ ಆನ್, ಅದೇ ಹೊತ್ತಿಗೆ ಆಫ್. ಆನ್-ಆಫ್‌ಗೆ ಯಾವ ಮಟ್ಟದಲ್ಲಿ ಗೆರೆ ಎಳೆದೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಟ್ರಂಕಿನಲ್ಲಿ ನೂರಕ್ಕೆ 70ರ ಆಸುಪಾಸು ಬಂತು, ತೋಟದಲ್ಲಿ ಅದೇ ಹೊತ್ತಿಗೆ 67-68. ನಕ್ಕವರು ಆಗ ಸುಮ್ಮನಾದರು. ಕಳೆದುಹೋದದ್ದರಲ್ಲಿ ಹತ್ತಿರತ್ತಿರ ಅರ್ಧ ಡಿಕ್ಕಿಯಿಂದಲ್ಲ; ಚಾನೆಲ್ ಖಾಲಿಯಿಲ್ಲ ಅಂತ ನೋಡೇ ಕೈಚೆಲ್ಲಿ ಕೂತದ್ದು. ಖಾಲಿ ಅನ್ನೋ ಮಿತಿ ಸಡಿಲಿಸಿ, ಪ್ಯಾಕೆಟನ್ನು 40 ಬೈಟಿಗೆ ಇಳಿಸಿದೆ, ಅಂದರೆ ಸುಮಾರು ಒಂದೂವರೆ ಮಿಲಿಸೆಕೆಂಡ್. ಮರುಯತ್ನದ ಹೊತ್ತನ್ನೂ ಬದಲಿಸಿದೆ, ಅದರ ಲೆಕ್ಕವೂ ನನ್ನ ಹತ್ತಿರವೇ ಇರಲಿ. ಈಗ ಸಂಜೆಗೂ 96-97 ಬರುತ್ತದೆ.

ನಡುವೆ, ಇದೇ 2.4ರಲ್ಲಿ ಗದ್ದಲ ಮಾಡೋ ಮನೆಯ ಮೈಕ್ರೋವೇವನ್ನೂ ಬಿಡಲಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿಗೆ ಅದು ಸುಮಾರು ಹತ್ತು ಮಿಲಿಸೆಕೆಂಡ್ ಒದರಿ ಹತ್ತು ಸುಮ್ಮನಿರುತ್ತದೆ. ಆ ಸಂದಿಯಲ್ಲಿ ಎರಡು ಪೂರ್ತಿ ಪ್ಯಾಕೆಟ್ ಹಿಡಿಯುತ್ತವೆ. ತೋಟಕ್ಕೆ ಇದರಿಂದ ಏನೂ ಉಪಯೋಗವಿಲ್ಲ, ಮನೆಯವರ ಬೈಗುಳ ಮಾತ್ರ ಬಂತು.

ಕೇಬಲ್, ಕಂಬೈನರ್, ಡಬ್ಬಿ, ಟೇಪು ಎಲ್ಲ ಸೇರಿ ಹದಿನಾಲ್ಕು ಸಾವಿರದ ಸುತ್ತಮುತ್ತ ಆಯಿತು. ಗೌಡ್ರು ಬಾಕಿ ತೀರಿಸಿ, ಜಮಖಂಡಿಯಲ್ಲಿರುವ ತಮ್ಮ ಅಳಿಯನ ಕಬ್ಬಿಗೂ ಹಾಕಿಕೊಡಿ ಅಂದಿದ್ದಾರೆ. ಅಲ್ಲಿ ಆಳೆತ್ತರ ದಾಟಿದ ಹಸಿ ಗರಿಯೇ 2.4ನ್ನು ನುಂಗುತ್ತದೆ, ಹಾಗಾಗಿ 865 ಮೆಗಾಹರ್ಟ್ಸ್‌ನ ಲೋರಾ ಅನ್ನೋ ಬೇರೆ ರೇಡಿಯೋ ತರಿಸಿದ್ದೇನೆ. ಟ್ರಂಕು ಅದೇ, ಅಟೆನ್ಯುಯೇಟರ್ ಮಾತ್ರ ಇನ್ನೂ ಎರಡು ಬೇಕು.