ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಬಗೆ

ಸೀಗೆ ಹುಣ್ಣಿಮೆ ಹೊತ್ತಿಗೆ ಮಲೆನಾಡಿನ ಗದ್ದೆಯಲ್ಲಿ ಭತ್ತ ಹೊಡೆಗೆ ಬಂದಿರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು. ಆ ಎಡೆ ಹೊತ್ತೊಯ್ಯುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಅದಕ್ಕೆ ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಚಿತ್ತಾರ ಬರೆಯುತ್ತಾರೆ. ವಿಜಯದಶಮಿಗೆ ಕೈಹಾಕಿದರೆ ಹುಣ್ಣಿಮೆಗೆ ಐದು ದಿನ ಸಿಗುತ್ತದೆ. ಒಣಗಲು ಬಿಡುವುದಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ, ತಡ ಮಾಡಬೇಡಿ.

ಬೇಕಾದದ್ದು ಬಿದಿರಿನ ಎರಡು ಬುಟ್ಟಿ: ಎಡೆಗೆ ದೊಡ್ಡದು, ಗದ್ದೆಗೆ ಬೀರುವ ಹಚ್ಚಂಬಲಿಗೆ, ಅಂದರೆ ಬೇಯಿಸಿದ ಸೊಪ್ಪಿನ ಮಿಶ್ರಣಕ್ಕೆ, ಚಿಕ್ಕದು. ಮೊದಲು ಹಸಿ ಸಗಣಿಯನ್ನು ಹೆಣಿಗೆಯ ಸಂದು ಮುಚ್ಚುವಂತೆ ಬೆರಳಿನಿಂದ ಒತ್ತಿ ಬಳಿಯಿರಿ. ನೆರಳಲ್ಲೇ ಒಣಗಲಿ. ಬಿಸಿಲಿಗಿಟ್ಟರೆ ಮೇಲ್ಪದರ ಬೇಗ ಬಿಗಿದು ಬಿರುಕು ಬಿಡುತ್ತದೆ, ಆಮೇಲೆ ಎಳೆದ ಗೆರೆಯೂ ಅಲ್ಲೇ ಒಡೆಯುತ್ತದೆ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತೆಳು ದೋಸೆಹಿಟ್ಟಿನ ಹದಕ್ಕೆ ತಂದು ಎರಡು ಸಲ ಹಚ್ಚಿ. ಒಂದೇ ಸಲಕ್ಕೆ ದಪ್ಪಗೆ ಮೆತ್ತಿದರೆ ಹಕ್ಕಳೆಯಾಗಿ ಉದುರುತ್ತದೆ.

ಬಿಳಿಗೆ ಒಂದು ಲೋಟ ಅಕ್ಕಿ ಸಾಕು. ನಾಲ್ಕೈದು ತಾಸು ನೆನೆಸಿ, ನುಣ್ಣಗೆ ಅರೆದು, ಸೋಸಿ. ತರಿ ಉಳಿದರೆ ಗೆರೆ ತುಂಡಾಗುತ್ತದೆ. ಹಚ್ಚುವಾಗ ಗೆರೆ ಮಂಕಾಗಿಯೇ ಕಾಣುತ್ತದೆ, ಆರಿದ ಮೇಲೆ ಬೆಳ್ಳಗಾಗುತ್ತದೆ. ಹಾಗಾಗಿ ಮೂಲೆಯಲ್ಲಿ ಒಂದು ಗೆರೆ ಎಳೆದು ಒಣಗುವವರೆಗೆ ಕಾಯಿರಿ: ಕೆಂಪು ಇಣುಕಿದರೆ ಹಿಟ್ಟು ನೀರಾಗಿದೆ, ಸಿಪ್ಪೆಯಂತೆ ಏಳುತ್ತಿದ್ದರೆ ಗಟ್ಟಿಯಾಗಿದೆ. ಹಿಟ್ಟು ಮರುದಿನಕ್ಕೆ ಹುಳಿಯುವುದರಿಂದ ದಿನದಿನದ್ದನ್ನು ಆಯಾ ದಿನವೇ ಅರೆಯಬೇಕು. ಕಪ್ಪಿಗೆ ಅಕ್ಕಿಯನ್ನು ಕರಿಯಾಗುವಷ್ಟು ಹುರಿದು ಅರೆಯುತ್ತಾರೆ. ಹಳದಿ ಬಣ್ಣ ಗುರಿಗೆ ಮರದ ಕಾಯಿಯಿಂದ ಬರುತ್ತದೆ.

ಕುಂಚ ಪುಂಡಿ ನಾರಿನದು. ನಾಲ್ಕಾರು ಎಳೆ ಸೇರಿಸಿ, ಹಿಡಿಯುವ ತುದಿಯನ್ನು ದಾರದಿಂದ ಸುತ್ತಿ. ಇನ್ನೊಂದು ತುದಿ ಉದ್ದವಾಗಿಯೇ ಇರಲಿ. ಗೆರೆಯ ನೇರ ಇರುವುದೆಲ್ಲ ಇಲ್ಲೇ: ನಾರನ್ನು ಹಿಟ್ಟಲ್ಲಿ ಅದ್ದಿ, ಬುಟ್ಟಿಯ ಮೈಮೇಲೆ ಉದ್ದಕ್ಕೆ ಮಲಗಿಸಿ, ಹಿಂದಕ್ಕೆ ನಿಧಾನ ಎಳೆಯಬೇಕು. ತುದಿ ಕುತ್ತಿ ಬರೆದರೆ ಗೆರೆ ನಡುಗುತ್ತದೆ. ಬಜಾರಿನ ಬ್ರಷ್ಷು ಈ ಎಳೆತಕ್ಕೆ ಒಗ್ಗುವುದಿಲ್ಲ.

ಬಾಯಂಚಿನಿಂದ ಶುರು ಮಾಡಿ. ಸುತ್ತು ಗೆರೆ ಎಳೆದು, ಮೇಲಿಂದ ಕೆಳಗೆ ಪಟ್ಟಿಗಳಾಗಿ ಸೀಳಿಕೊಳ್ಳಿ. ಬುಟ್ಟಿ ಕೆಳಗೆ ಕಿರಿದಾಗುವುದರಿಂದ ಪಟ್ಟಿಯೂ ಕಿರಿದಾಗಬೇಕು. ಇದನ್ನು ಮರೆತರೆ ಕೊನೆಯ ಪಟ್ಟಿ ಸೊಟ್ಟಗಾಗುತ್ತದೆ. ಎರಡೆಳೆ, ಮೂರೆಳೆ ಗೆರೆಗಳ ನಡುವೆ ಒಂದೇ ಅಂತರ ಕಾಯಿರಿ. ಪಟ್ಟಿಗಳೊಳಗೆ ಭತ್ತದ ಸಸಿ, ಅಡಿಕೆ ಮರ, ಗಾಡಿ, ಏಣಿ, ಗೊಂಬೆಗಳನ್ನು ತುಂಬಿ. ಭತ್ತದ ಸಸಿಗೆ ಎದ್ದು ಕಾಣುವ ಜಾಗ ಕೊಡಿ, ಹಬ್ಬ ಅದರದ್ದು. ತಪ್ಪಿದ ಗೆರೆಯನ್ನು ಹಸಿಯಲ್ಲಿ ಉಜ್ಜಿದರೆ ಕೆಮ್ಮಣ್ಣೂ ಎದ್ದು ಬರುತ್ತದೆ. ಒಣಗಿದ ಮೇಲೆ ಅದರ ಮೇಲೆ ಕೆಮ್ಮಣ್ಣು ತೀಡಿ ಮತ್ತೆ ಎಳೆಯಿರಿ.

ಎಡೆ ತುಂಬುವ ಮೊದಲು ಒಳಗೆ ಬಾಳೆ ಎಲೆ ಹಾಸಿ, ಬುಟ್ಟಿಗೆ ಪಸೆ ತಾಕದಿರಲಿ. ಹಬ್ಬ ಮುಗಿದ ಮೇಲೆ ಒಲೆಯ ಹೊಗೆ ತಾಗುವ ಕಡೆ ತೂಗುಹಾಕಿ. ಅಕ್ಕಿಹಿಟ್ಟಿಗೆ ಹುಳ ಬರುವುದು ಕಡಿಮೆಯಾಗುತ್ತದೆ.